ಕಾಲ್ ಸರಿ ಇತ್ತು, ದುಡ್ಡು ಅವನದಲ್ಲ



ಹೋದ ತಿಂಗಳು ಯುವಕೂಟದ ಸಭೆ ಮುಗಿದು ಕುರ್ಚಿ ಎತ್ತಿಡುತ್ತಿದ್ದೆ. ಒಬ್ಬ ಹುಡುಗ ಸುಮ್ಮನೆ ಪಕ್ಕಕ್ಕೆ ಬಂದು ನಿಂತ. ಎಲ್ಲರೂ ಹೊರಗೆ ಹೋಗುವ ತನಕ ಕಾದು ಆಮೇಲೆ ಬಾಯಿ ಬಿಟ್ಟ. "ಅಣ್ಣಾ, ನೀನು ಬಿ.ಎಸ್ಸಿ. ಲೆಕ್ಕದಾಗ ಮಾಡೀಯಲ್ಲ, ಒಂದು ಲೆಕ್ಕ ಹೇಳು. ಫೋನಿನಾಗ ಪೋಕರ್, ಒಂದು ರೂಪಾಯಿ–ಎರಡು ರೂಪಾಯಿ ಟೇಬಲ್. ನನ್ನ ಕೈಯಾಗ ಎರಡು ರಾಜ. ಮುಂದಿನವ ಒಂದೇ ಏಟಿಗೆ ಇನ್ನೂರು ರೂಪಾಯಿ ಆಲ್-ಇನ್ ತಳ್ಳಿದ. ನಾನು ಕಾಲ್ ಮಾಡಿದ್ದು ತಪ್ಪೇನು?"

ಅವನು ಪಾಪವೋ ಅಲ್ಲವೋ ಅಂತ ಕೇಳಲಿಲ್ಲ. ಅದನ್ನು ಕೇಳಲು ಫಾದರ್ ಇದ್ದಾರೆ ಅಂತ ಅವನಿಗೆ ಗೊತ್ತು. ಲೆಕ್ಕ ಸರಿಯೋ ತಪ್ಪೋ ಅಂತ ಕೇಳಿದ. ಲೆಕ್ಕ ಕೇಳಿದವನಿಗೆ ಲೆಕ್ಕವನ್ನೇ ಹೇಳಬೇಕು, ಅದರ ಬದಲು ಉಪದೇಶ ಕೊಟ್ಟರೆ ಅವನು ಮತ್ತೆ ನಿಮ್ಮ ಹತ್ತಿರ ಬರುವುದಿಲ್ಲ ಅನ್ನುವುದು ನನ್ನ ಅನುಭವ. ಹಾಗಾಗಿ ಹೇಳಿದೆ. ಆ ಉತ್ತರವನ್ನೇ ಇಲ್ಲಿ ಎಲ್ಲರಿಗೂ ಬರೆಯುತ್ತಿದ್ದೇನೆ. ಅವನ ಒಪ್ಪಿಗೆ ಇದೆ. ಅವನ ಊರು, ಕಾಲೇಜು ಹೇಳುವುದಿಲ್ಲ, ದಯವಿಟ್ಟು ಯಾರು ಅಂತ ಹುಡುಕಲೂ ಹೋಗಬೇಡಿ.

ಈ ಆಟ ಗೊತ್ತಿಲ್ಲದ ಹಿರಿಯರಿಗೆ ಎರಡು ಮಾತು. ನೀವು ಹಬ್ಬದ ರಾತ್ರಿ ಮಾಳಿಗೆ ಮೇಲೆ ನೋಡಿರುವ ತೀನ್ ಪತ್ತಿಗೆ ಇದು ದೊಡ್ಡಪ್ಪನ ಮಗ ಇದ್ದಂತೆ. ಒಬ್ಬೊಬ್ಬರಿಗೆ ಎರಡೆರಡು ಇಸ್ಪೀಟು ಎಲೆ ಮುಚ್ಚಿ ಕೊಡುತ್ತಾರೆ. ಎಲ್ಲರಿಗೂ ಸೇರಿ ಐದು ಎಲೆ ನಡುವೆ ತೆರೆದು ಬೀಳುತ್ತವೆ. ಏಳರಲ್ಲಿ ಒಳ್ಳೆಯ ಐದು ಯಾರದೋ ಅವರು ಗೆದ್ದರು. ಎಲೆ ನೋಡುವ ಮೊದಲೇ ಒಬ್ಬ ಒಂದು ರೂಪಾಯಿ, ಪಕ್ಕದವ ಎರಡು ರೂಪಾಯಿ ಕಟ್ಟಿರಬೇಕು. ಆಮೇಲೆ ಯಾರು ಬೇಕಾದರೂ ಏರಿಸಬಹುದು, ಬೇಡದವರು ಪ್ಯಾಕ್ ಆಗಬಹುದು. ಮುಂದಿರುವ ದುಡ್ಡನ್ನೆಲ್ಲ ಒಂದೇ ಸಲಕ್ಕೆ ತಳ್ಳುವುದು ಆಲ್-ಇನ್. ಹತ್ತು ರೂಪಾಯಿ ಆಟ ನಡೆಯುವ ಕಡೆ ಇನ್ನೂರು ತಳ್ಳಿದರೆ ಎದೆ ಡವಡವ ಅನ್ನುತ್ತದೆ, ಅದು ಸಹಜ.

ಈಗ ಹುಡುಗನ ಆಟ. ಅವನು 8 ರೂಪಾಯಿಗೆ ಏರಿಸಿದ್ದ. ಮುಂದಿನವ 200 ತಳ್ಳಿದ. ಉಳಿದವರೆಲ್ಲ ಎಲೆ ಬಿಟ್ಟರು. ಮೊದಲಿನ 1 ಮತ್ತು 2 ಸೇರಿ ನಡುವೆ 211 ರೂಪಾಯಿ ಇದೆ. ಇವನು ಇನ್ನು 192 ಹಾಕಬೇಕು. ಹಾಕಿದರೆ ಒಟ್ಟು 403. 192ನ್ನು 403ರಿಂದ ಭಾಗಿಸಿದರೆ ನೂರಕ್ಕೆ 47.6. ಅಂದರೆ ಇದೇ ಸಂದರ್ಭ ನೂರು ಸಲ ಬಂದರೆ ಅದರಲ್ಲಿ 48 ಸಲ ಗೆದ್ದರೂ ಇವನಿಗೆ ನಷ್ಟವಿಲ್ಲ. ಎರಡು ರಾಜರಿಗಿಂತ ಮೇಲಿರುವ ಕೈ ಒಂದೇ, ಎಕ್ಕದ ಜೋಡಿ. ಇವನ ಎರಡು ಎಲೆ ಬಿಟ್ಟು ಉಳಿದ 50 ಎಲೆಯಲ್ಲಿ ಎರಡೆರಡು ಎಲೆಯ ಕೈಗಳು 1,225 ಆಗುತ್ತವೆ. ಅವುಗಳಲ್ಲಿ ಎಕ್ಕದ ಜೋಡಿ 6 ಮಾತ್ರ. ಇಷ್ಟು ದೊಡ್ಡದಾಗಿ ತಳ್ಳಿದವನ ಹತ್ತಿರ ಆ ಆರರಲ್ಲಿ ಒಂದು ಇರುವ ಸಾಧ್ಯತೆ ಜಾಸ್ತಿ ಅಂತ ಇಟ್ಟುಕೊಂಡರೂ, ಕಾಲ್ ಸರಿ.

ಎಲೆ ತೆರೆದಾಗ ಮುಂದಿನವನ ಹತ್ತಿರ ಎಕ್ಕ ಮತ್ತು ಏಳು. ಅವನು ಸುಮ್ಮನೆ ಧೈರ್ಯ ಮಾಡಿದ್ದ, ಅಷ್ಟೇ. ಈಗ ನಡುವಿನ ಐದು ಎಲೆಯಲ್ಲಿ ಒಂದಾದರೂ ಎಕ್ಕ ಬಿದ್ದರೆ ಅನ್ನುವುದೇ ಇವನಿಗೆ ಮುಖ್ಯ ಭಯ. ಕಾಣದ ಎಲೆ 48, ಅದರಲ್ಲಿ ಎಕ್ಕ 3. ಆ ದಿನದ ಧರ್ಮಕೇಂದ್ರದ ಪತ್ರಿಕೆಯ ಹಿಂಬದಿಯಲ್ಲೇ ಬರೆದು ತೋರಿಸಿದೆ: 43 ಗುಣಿಸು 42 ಗುಣಿಸು 41, ಅದನ್ನು 48 ಗುಣಿಸು 47 ಗುಣಿಸು 46ರಿಂದ ಭಾಗಿಸು. ಎಕ್ಕ ಬೀಳದಿರುವ ಸಾಧ್ಯತೆ ನೂರಕ್ಕೆ 71, ಬೀಳುವುದು 29. ನಾಲ್ಕನೆಯ ಎಲೆ ಎಕ್ಕವೇ ಬಿತ್ತು.

"ಅಂದ್ರ ನಾನು ಮಾಡಿದ್ದು ಸರಿ ಐತಲ್ಲಣ್ಣ!" ಅಂದ. ಹೌದು ಅಂದೆ. ಅವನ ಮುಖ ಅರಳಿತು. ಆ ಮುಖ ನೋಡಿ ನನಗೆ ಹೆದರಿಕೆಯಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಲೆಕ್ಕದ ಇನ್ನೊಂದು ಬದಿ. ಕೈಯಲ್ಲಿ ಎರಡು ರಾಜ ದಿನವೂ ಬರುವುದಿಲ್ಲ. ಹೆಚ್ಚಿನ ಸಲ ನಮ್ಮ ಹತ್ತಿರ ಇರುವುದು ಅರೆಬರೆ ಕೈ, ಬಿಡಲು ಮನಸ್ಸಿಲ್ಲ, ನಂಬಲು ಧೈರ್ಯವಿಲ್ಲ ಅನ್ನುವಂಥದು. ನಡುವೆ 12 ರೂಪಾಯಿ ಇದೆ, ಅದರಲ್ಲಿ ನಮ್ಮದು 4. ಯಾರೋ 180 ತಳ್ಳುತ್ತಾನೆ. ಆಗ ಏನು ಮಾಡಬೇಕು? ಪ್ಯಾಕ್. ಇದರಲ್ಲಿ ಯೋಚನೆ ಮಾಡುವುದೇ ಏನಿಲ್ಲ. ಸಣ್ಣ ಟೇಬಲ್ಲಿನಲ್ಲಿ ಹೀಗೆ ತಳ್ಳುವವರಲ್ಲಿ ಕೆಲವರಿಗೆ ನಿಜವಾಗಿಯೂ ದೊಡ್ಡ ಕೈ ಬಂದಿರುತ್ತದೆ, ಅದನ್ನು ನಿಧಾನವಾಗಿ ಆಡಲು ಬರುವುದಿಲ್ಲ. ಕೆಲವರಿಗೆ ಬೇಜಾರು, ಇಲ್ಲವೇ ಹಿಂದಿನ ಆಟದಲ್ಲಿ ಸೋತ ಸಿಟ್ಟು. ಇವನು ಯಾವ ಜಾತಿಯವನು ಅಂತ ಪರದೆಯ ಈಚೆಯಿಂದ ಗೊತ್ತಾಗುವುದಿಲ್ಲ, ಗೊತ್ತು ಮಾಡಿಕೊಳ್ಳಲೇಬೇಕು ಅನ್ನುವ ಹಟವೇ ನಮ್ಮನ್ನು ಕೆಡಿಸುವುದು. ಕಟ್ಟಿದ 4 ರೂಪಾಯಿ ಆಗಲೇ ನಮ್ಮ ಕೈಬಿಟ್ಟು ಹೋಗಿದೆ. ಅದನ್ನು ಕಾಯಲು 180 ಕಳಿಸುವುದು, ಹೋದ ಚಪ್ಪಲಿಗಾಗಿ ಎತ್ತಿನ ಗಾಡಿ ಹೊಳೆಗೆ ಬಿಟ್ಟಂತೆ.

ಒಂದು ವಿಷಯ ಮಾತ್ರ ನನಗೆ ಬಹಳ ಇಷ್ಟವಾಯಿತು, ಸ್ವಲ್ಪ ಸಹಿಸಿಕೊಳ್ಳಿ. ನಡುವಿನ ದುಡ್ಡಿನ ಅರ್ಧದಷ್ಟು ಯಾರಾದರೂ ಕಟ್ಟಿದರೆ ನಮಗೆ ಬೇಕಾದ ಗೆಲುವು ನೂರಕ್ಕೆ 25. ಅಷ್ಟೇ ಕಟ್ಟಿದರೆ 33. ಹತ್ತು ಪಟ್ಟು ಕಟ್ಟಿದರೆ 47.6. ನೂರು ಪಟ್ಟು ಕಟ್ಟಿದರೂ 50 ದಾಟುವುದಿಲ್ಲ. ಅಂದರೆ ದೊಡ್ಡ ಬೆಟ್ಟು ಕೇಳುವ ಪ್ರಶ್ನೆ ಅಂಥ ದೊಡ್ಡದೇನಲ್ಲ: ನಿನ್ನ ಕೈ ಅವನ ಕೈಗಿಂತ ಮೇಲಾಗಿರುವ ಸಾಧ್ಯತೆ ಅರ್ಧದಷ್ಟಾದರೂ ಇದೆಯಾ? ಇದ್ದರೆ ಇರು, ಇಲ್ಲದಿದ್ದರೆ ಬಿಡು. ಮಿಕ್ಕಿದ್ದೆಲ್ಲ ಬರೀ ಸದ್ದು. ಈ ಬಗೆಯ ಲೆಕ್ಕ ಶುರುವಾದದ್ದೂ ಜೂಜಿನಿಂದಲೇ. 1654ರಲ್ಲಿ ಒಬ್ಬ ಜೂಜುಗಾರ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತಾ ಪಾಸ್ಕಲ್ ಮತ್ತು ಫರ್ಮಾ ಕಾಗದ ಬರೆದುಕೊಂಡರು, ಸಂಭವನೀಯತೆ ಶಾಸ್ತ್ರ ಅಲ್ಲಿಂದ ಬೆಳೆಯಿತು. ಪಾಸ್ಕಲ್ ಗಾಢ ಭಕ್ತಿಯ ಕ್ರೈಸ್ತ. ಹಾಗಾಗಿ ಚರ್ಚಿನ ಆವರಣದಲ್ಲಿ ಈ ಲೆಕ್ಕ ಬರೆದದ್ದಕ್ಕೆ ನನ್ನನ್ನು ಬೈಯಬೇಡಿ.

ಇಷ್ಟು ಹೇಳಿದ ಮೇಲೆ ನಾನು ಅವನಿಗೆ ಒಂದು ಪ್ರಶ್ನೆ ಕೇಳಿದೆ. "ಆಮೇಲೆ ಏನು ಮಾಡಿದಿ?"

ಅವನು ಸುಮ್ಮನಾದ. ಸ್ವಲ್ಪ ಹೊತ್ತಾದ ಮೇಲೆ ಎಲ್ಲವೂ ಹೊರಬಂತು. ಇದು 2025ರ ಮಾರ್ಚ್‌ನಲ್ಲಿ ನಡೆದದ್ದು, ಅವನು ಆಗ ಬಳ್ಳಾರಿಯಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ. ಇನ್ನೂರು ಹೋದ ಕೂಡಲೇ ಮತ್ತೆ ಇನ್ನೂರು ಹಾಕಿಕೊಂಡ, ಆ ಎಕ್ಕ–ಏಳರವನ ಮೇಲಿನ ಸಿಟ್ಟಿಗೆ. ಅದೂ ಹೋಯಿತು. ಒಂದು–ಎರಡು ರೂಪಾಯಿ ಟೇಬಲ್ಲಿನಲ್ಲಿ ಕೂತರೆ ವಾಪಸ್ ಬರುವುದು ಯಾವಾಗ ಅಂತ ಐದು–ಹತ್ತರ ಟೇಬಲ್ಲಿಗೆ ಹೋದ. ಅಲ್ಲಿಂದ ಹತ್ತು–ಇಪ್ಪತ್ತಕ್ಕೆ. ನಮ್ಮ ಕಡೆ ತೆಲುಗಿನಲ್ಲಿ ಒಂದು ಮಾತಿದೆಯಲ್ಲ, ಪೋಯಿನ ಚೋಟೇ ವೆತುಕ್ಕೋವಾಲಿ, ಕಳೆದುಕೊಂಡ ಕಡೆಯೇ ಹುಡುಕಬೇಕು ಅಂತ. ಬಾವಿಯಲ್ಲಿ ಬಿದ್ದ ಕೊಡಕ್ಕೆ ಅದು ಸರಿ. ಇಸ್ಪೀಟಿನಲ್ಲಿ ಹೋದ ದುಡ್ಡಿಗೆ ಆ ಮಾತು ಹಿಡಿದುಕೊಂಡವನು ಬೆಳಗಿನ ಜಾವ ಎರಡು ಗಂಟೆಗೆ 11,400 ರೂಪಾಯಿ ಕಳೆದು ಫೋನು ಕೆಳಗಿಟ್ಟ.

ಅದು ಪರೀಕ್ಷೆ ಫೀಸಿಗೂ ರೂಮಿನ ಬಾಡಿಗೆಗೂ ಅವನ ಅವ್ವ ಕಳಿಸಿದ ದುಡ್ಡು. ಅವ್ವ ಆಗ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋಗಿದ್ದಳು. ಕೋಸಿಗಿ, ಕೌತಾಳಂ, ಮಂತ್ರಾಲಯದ ಕಡೆಯವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿ ಬಿಡಿಸಿ ಮುಗಿದು ಹೊಲ ಖಾಲಿಯಾದ ಮೇಲೆ ಮನೆಗೆ ಬೀಗ ಹಾಕಿ, ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು, ಇಲ್ಲವೇ ಜೊತೆಗೇ ಕರೆದುಕೊಂಡು, ಸುಗ್ಗಿಗೆ ಹೋಗುವುದು ನಮ್ಮ ಎಷ್ಟೋ ಮನೆಗಳ ಪ್ರತಿ ವರ್ಷದ ಕಥೆ. ಭಾನುವಾರದ ಪೂಜೆಯಲ್ಲಿ ಹಿಂದಿನ ಬೆಂಚುಗಳು ಖಾಲಿಯಾದಾಗ ನಮಗೆ ಅದು ಕಾಣುತ್ತದೆ.

ನನ್ನ ಮಾತೆಲ್ಲ ಈ ಒಂದು ಜಾಗದಲ್ಲಿದೆ. ಕಾಲ್ ಸರಿ ಇತ್ತು. ಆದರೂ ಹುಡುಗ ಆ ರಾತ್ರಿ ಸರಿಯಾಗಿ ಉತ್ತರ ಕೊಡಲು ಸಾಧ್ಯವೇ ಇರಲಿಲ್ಲ, ಯಾಕೆಂದರೆ ಅವನ ಮುಂದಿದ್ದ ಇನ್ನೂರು ರೂಪಾಯಿ ಆಟದ ದುಡ್ಡಲ್ಲ, ಫೀಸಿನ ದುಡ್ಡು. ಆಟಕ್ಕೆಂದೇ ಎತ್ತಿಟ್ಟ ಇನ್ನೂರು ಹೋದರೆ ಮನುಷ್ಯ ಥೂ ಅಂದು ಮಲಗುತ್ತಾನೆ. ಫೀಸಿನ ಇನ್ನೂರು ಹೋದರೆ ಮಲಗಲಾರ, ಅದನ್ನು ತಂದೇ ತೀರಬೇಕು. ತರಬೇಕು ಅಂದುಕೊಂಡ ಕ್ಷಣದಿಂದ ಅವನು ಎಲೆ ನೋಡಿ ಆಡುವುದಿಲ್ಲ. ಸಾಲ ನೋಡಿ ಆಡುತ್ತಾನೆ. ಪೋಕರ್ ಆಡುವವರು ಇದಕ್ಕೆ ಟಿಲ್ಟ್ ಅನ್ನುತ್ತಾರಂತೆ.

ಈ ಆಟ ಚೆನ್ನಾಗಿ ಬಲ್ಲವರೇ ಹೇಳುವ ಮಾತು ಬೇರೆ ಇದೆ. ಒಂದು ಟೇಬಲ್ಲಿಗೆ ಇನ್ನೂರು ಬೇಕಾದರೆ ಅಂಥ ಇಪ್ಪತ್ತೋ ಮೂವತ್ತೋ ಇನ್ನೂರುಗಳು ಪಕ್ಕಕ್ಕಿರಬೇಕು, ಅವೂ ಪೂರ್ತಿ ಹೋದರೂ ಮನೆಯ ಅಡುಗೆಗೆ ತೊಂದರೆ ಆಗಬಾರದು ಅನ್ನುತ್ತಾರೆ. ಯಾಕೆ ಅಂತ ಹುಡುಗನಿಗೆ ಲೆಕ್ಕದಲ್ಲೇ ತೋರಿಸಿದೆ. ಪ್ರತಿ ಸಲವೂ ನಿನಗೆ ನೂರಕ್ಕೆ 71ರ ಅನುಕೂಲ ಇದೆ ಅಂತಲೇ ಇಟ್ಟುಕೋ. ಪ್ರತಿ ಸಲವೂ ಇರುವುದನ್ನೆಲ್ಲ ಹಾಕುತ್ತೀಯ. ಐದು ಸಲ ಸಾಲಾಗಿ ಉಳಿಯುವ ಸಾಧ್ಯತೆ ಎಷ್ಟು? 0.71ನ್ನು ಐದು ಸಲ ಗುಣಿಸು. 0.18. ನೂರರಲ್ಲಿ 82 ಜನ ಐದನೇ ಆಟದೊಳಗೆ ಬರಿಗೈ. ಎಲ್ಲರೂ ಸರಿಯಾದ ಕಾಲ್ ಮಾಡಿದವರೇ! ಮೂವತ್ತರಲ್ಲಿ ಒಂದು ಪಾಲು ಹಾಕುವವನಿಗೂ ಇರುವುದನ್ನೆಲ್ಲ ಹಾಕುವವನಿಗೂ ಎಲೆ ಒಂದೇ, ಸಾಧ್ಯತೆ ಒಂದೇ. ಗತಿ ಬೇರೆ. ಬಡವರ ಮನೆಯ ಹುಡುಗ ಮೂವತ್ತನೆಯ ಪಾಲು ಅಂತ ಎಲ್ಲಿಂದ ತರುತ್ತಾನೆ? ಅವನ ಹತ್ತಿರ ಇರುವುದು ಒಂದೇ ಪಾಲು. ಆದ್ದರಿಂದ ಅವನಿಗೆ ಸಣ್ಣ ಟೇಬಲ್ ಅನ್ನುವುದೇ ಇಲ್ಲ.

ಅವನು ಸುಲಭಕ್ಕೆ ಬಿಡುವವನಲ್ಲ. "ಅಣ್ಣಾ, ನಮ್ಮಪ್ಪ ಗುತ್ತಿಗೆ ಹೊಲದಾಗ ಹತ್ತಿ ಹಾಕಿದ್ದು ಆಲ್-ಇನ್ ಅಲ್ಲೇನು? ಮಳಿ ಬರ್ಲಿಲ್ಲ ಅಂದ್ರ ಎಲ್ಲಾ ಹೋಯ್ತು. ಅವಂಗ ಯಾರೂ ಬೈಯಂಗಿಲ್ಲ, ನನಗ ಮಾತ್ರ ಯಾಕ?" ಅಂದ.

ಈ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. ರಾತ್ರಿ ಮನೆಗೆ ಹೋಗಿಯೂ ಯೋಚಿಸಿದೆ. ಹೌದು, ಅದೂ ಆಲ್-ಇನ್ನೇ. ಆದೋನಿ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ಬೋರೆಗಳ ಮೇಲೆ ಕೂತು ರೇಟು ಕೂಗುವುದನ್ನು ಕಾಯುವ ರೈತನ ಮುಖ ನೋಡಿದವರಿಗೆ ಅದು ಗೊತ್ತು. ಆದರೆ ಅವನಿಗೆ ಪ್ಯಾಕ್ ಅನ್ನುವ ಗುಂಡಿ ಇಲ್ಲ. ಬಿತ್ತದೆ ಇದ್ದರೆ ಊಟವಿಲ್ಲ. ನಿನಗೆ ಆ ಗುಂಡಿ ಇತ್ತು, ಇನ್ನೂರು ಸಲ ಒತ್ತಬಹುದಿತ್ತು. ಎರಡನೆಯದು, ಹತ್ತಿ ಹೊಲದಲ್ಲಿ ಸೋತವನಿಗೆ ಮುಂದಿನ ಆಟ ಬರುವುದು ಒಂದು ವರ್ಷಕ್ಕೆ. ಅಷ್ಟರಲ್ಲಿ ಸಿಟ್ಟು ಇಳಿಯುತ್ತದೆ, ನಾಲ್ಕು ಜನ ಬುದ್ಧಿ ಹೇಳುತ್ತಾರೆ, ಕಡಲೆಕಾಯಿಯೋ ಜೋಳವೋ ಅಂತ ಯೋಚನೆ ಬದಲಾಗುತ್ತದೆ. ಫೋನಿನಲ್ಲಿ ಮುಂದಿನ ಎಲೆ ಅರ್ಧ ನಿಮಿಷಕ್ಕೆ ಬರುತ್ತದೆ. ತುಗ್ಗಲಿ, ಜೊನ್ನಗಿರಿ ಕಡೆ ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ವಜ್ರ ಹುಡುಕಲು ಹೊಲಕ್ಕಿಳಿಯುವವರನ್ನು ನಾವು ನಗುತ್ತೇವೆ. ಅವರದೂ ಒಂದು ಜೂಜೇ. ಆದರೆ ಸಂಜೆ ಬರಿಗೈಯಲ್ಲಿ ಬಂದವನು ಕಳೆದುಕೊಂಡದ್ದು ಆ ದಿನದ ಕೂಲಿ, ಬಸ್ಸಿನ ಚಾರ್ಜು. ಕತ್ತಲಾದರೆ ಕಲ್ಲು ಕಾಣುವುದಿಲ್ಲ, ಆಟ ತಾನಾಗಿ ನಿಲ್ಲುತ್ತದೆ. ಫೋನಿಗೆ ಕತ್ತಲಾಗುವುದಿಲ್ಲ.

ಈಗ ಕಾನೂನಿನ ಮಾತು, ಯಾಕೆಂದರೆ ನಮ್ಮ ಹುಡುಗರಿಗೆ ಇದರಲ್ಲಿ ಗೊಂದಲ ಬಹಳ. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದರೂ ನಮ್ಮ ಮನೆಗಳೊಳಗೆ ಆ ಗಡಿ ಬಂದಿಲ್ಲ. ಹೆಣ್ಣು ಕೊಡುವುದು ಸಿರುಗುಪ್ಪಕ್ಕೆ, ಆಸ್ಪತ್ರೆಗೆ ಹೋಗುವುದು ಬಳ್ಳಾರಿಗೆ. ಆದರೆ ಫೋನಿಗೆ ಮಾತ್ರ ಆ ಗಡಿ ಚೆನ್ನಾಗಿ ಗೊತ್ತು. 2020ರಲ್ಲಿ ನಮ್ಮ ರಾಜ್ಯ 1974ರ ಜೂಜು ಕಾಯಿದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ನಡೆಸುವವರಿಗಷ್ಟೇ ಅಲ್ಲ, ಆಡುವವರಿಗೂ ಆರು ತಿಂಗಳವರೆಗೆ ಜೈಲು ಆಗಬಹುದು. ಕರ್ನಾಟಕವೂ 2021ರಲ್ಲಿ ಅಂಥದೇ ಕಾನೂನು ಮಾಡಿತು, 2022ರ ಫೆಬ್ರವರಿಯಲ್ಲಿ ಅಲ್ಲಿನ ಹೈಕೋರ್ಟು ಅದನ್ನು ರದ್ದು ಮಾಡಿತು. ಹೀಗಾಗಿ ಕೆಲವು ವರ್ಷ ಗಡಿಯ ಈಚೆ ಅಪರಾಧವಾದದ್ದು ಆಚೆ ಹೋದರೆ ಟಿವಿಯಲ್ಲಿ ಜಾಹೀರಾತು. ನಮ್ಮ ಹುಡುಗ ಬಳ್ಳಾರಿಯಲ್ಲಿ ಆಡಿದ್ದು ಆ ಸಂದಿಯಲ್ಲಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಪಾಸು ಮಾಡಿ, 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿದ್ದು, ದುಡ್ಡಿನ ಆನ್‌ಲೈನ್ ಆಟಗಳಿಗೆ ಇಡೀ ದೇಶದಲ್ಲಿ ತೆರೆ ಎಳೆಯಿತು. ದೊಡ್ಡ ಕಂಪನಿಗಳು ಕೂಡಲೇ ದುಡ್ಡಿನ ಟೇಬಲ್ ಮುಚ್ಚಿದವು.

"ಅದು ಕೌಶಲದ ಆಟ" ಅನ್ನುವ ವಾದ ನನಗೂ ಗೊತ್ತು. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದದ್ದು ನಮ್ಮ ಆಂಧ್ರಪ್ರದೇಶ ಸರ್ಕಾರವೇ ಹೋಗಿದ್ದ ಮೇಲ್ಮನವಿಯಲ್ಲಿ. ಮೂರೆಲೆ ಆಟದಂತೆ ಇದು ಬರೀ ಅದೃಷ್ಟವಲ್ಲ ಅಂತ ಕೋರ್ಟು ಹೇಳಿತು. ಹೊಸ ಕಾನೂನು ಕೌಶಲವೋ ಅದೃಷ್ಟವೋ ಅನ್ನುವ ಪ್ರಶ್ನೆಯನ್ನೇ ಬದಿಗಿಟ್ಟು, ದುಡ್ಡು ಕಟ್ಟುತ್ತೀರಾ ಅಂತ ಮಾತ್ರ ಕೇಳುತ್ತದೆ. ಪೋಕರ್‌ನಲ್ಲಿ ಕೌಶಲ ಇದೆ, ಮೇಲಿನ ಲೆಕ್ಕವೇ ಅದಕ್ಕೆ ಸಾಕ್ಷಿ. ಆದರೆ ಆ ಕೌಶಲದ ಮುಕ್ಕಾಲು ಪಾಲು ಬಿಡುವುದರಲ್ಲಿದೆ. ಕೌಶಲ ಅಂತ ವಾದ ಮಾಡುವ ಹುಡುಗರಲ್ಲಿ ರಾತ್ರಿಯಿಡೀ ಕೂತು ಎಲೆ ಬಿಟ್ಟೆ ಅಂತ ಹೆಮ್ಮೆಯಿಂದ ಹೇಳಿದ ಒಬ್ಬನನ್ನೂ ನಾನು ನೋಡಿಲ್ಲ.

ಮತ್ತೆ ಆ ಅರಳಿದ ಮುಖಕ್ಕೆ ಬರುತ್ತೇನೆ. ಒಂದು ವರ್ಷದ ಹಿಂದಿನ ಆಟದ ಲೆಕ್ಕ ಈಗ ಯಾಕೆ ಕೇಳಿದ? ಕಾರಣ ಇತ್ತು. ಅವನನ್ನು ಯಾರೋ ಹೊಸ ಗುಂಪಿಗೆ ಸೇರಿಸಿದ್ದರು. ದೊಡ್ಡ ಆಪ್‌ಗಳು ಮುಚ್ಚಿದ ಮೇಲೆ ಹುಟ್ಟಿಕೊಂಡಿರುವ ಕ್ಲಬ್ಬುಗಳು ಇವು. ಆಪ್‌ನಲ್ಲಿ ಬರೀ ಚಿಪ್ಪು, ದುಡ್ಡೇ ಇಲ್ಲ, ನೋಡಿದರೆ ಮಕ್ಕಳಾಟ. ಚಿಪ್ಪು ಮಾರುವವನು ಏಜೆಂಟ್. ಅವನಿಗೆ ಯುಪಿಐನಲ್ಲಿ ದುಡ್ಡು ಕಳಿಸಬೇಕು, ವಾರಕ್ಕೊಮ್ಮೆ ಲೆಕ್ಕ ಚುಕ್ತಾ. ದುಡ್ಡಿಲ್ಲದಿದ್ದರೆ ಸಾಲಕ್ಕೂ ಚಿಪ್ಪು ಕೊಡುತ್ತಾನೆ! ನನ್ನ ಬಾಯಿಂದ "ಸರಿ" ಅನ್ನುವ ಮಾತು ಕೇಳಿದರೆ ತಾನು ಒಳ್ಳೆಯ ಆಟಗಾರ, ಅದೃಷ್ಟ ಮಾತ್ರ ಕೆಟ್ಟಿತ್ತು ಅಂತ ಅಲ್ಲಿ ಕೂರಬಹುದು ಅನ್ನುವುದು ಅವನ ಆಸೆ.

ಸುಳ್ಳು ಹೇಳಬೇಕಿತ್ತಾ ಅಂತ ಆಮೇಲೆ ಅನಿಸಿತು. ತಪ್ಪು ಕಾಲ್ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಅವನು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಎರಡು ನಿಮಿಷಕ್ಕೆ ನಿಜ ಗೊತ್ತಾಗುತ್ತದೆ, ಆಮೇಲೆ ನನ್ನ ಬೇರೆ ಮಾತನ್ನೂ ನಂಬುವುದಿಲ್ಲ. ಹಾಗಾಗಿ ಇನ್ನೊಂದು ಲೆಕ್ಕ ಹೇಳಿದೆ. ನಾನು ಬರೆದ 71 ನಿಜವಾಗುವುದು ಎಲೆ ಪ್ರಾಮಾಣಿಕವಾಗಿ ಬಿದ್ದರೆ. ಯಾರ ಹೆಸರೂ ಇಲ್ಲದ ಕ್ಲಬ್ಬಿನಲ್ಲಿ ಆಲ್-ಇನ್ ತಳ್ಳುವವನು ಮತ್ತು ಸುಮ್ಮನೆ ಪ್ಯಾಕ್ ಆಗುವ ಇಬ್ಬರು ಒಂದೇ ಮಂಚದ ಮೇಲೆ ಕೂತು ಒಬ್ಬರ ಎಲೆ ಒಬ್ಬರು ನೋಡುತ್ತಿರಬಹುದು. ಅವರ ಮುಂದೆ ನಿನ್ನ ಎರಡು ರಾಜ ಏನು ಮಾಡುತ್ತಾರೆ? ಸೋತು ದೂರು ಕೊಡಲು ಹೋದರೆ ನಮ್ಮ ರಾಜ್ಯದ ಕಾನೂನಿನಲ್ಲಿ ನೀನೂ ಅಪರಾಧಿ ಆಗಬಹುದು. ಗೆದ್ದರೆ ಏಜೆಂಟ್ ಫೋನು ಸ್ವಿಚ್ ಆಫ್.

ನಮ್ಮ ಧರ್ಮಕೇಂದ್ರದಲ್ಲೂ ಈ ವಿಷಯ ಬಂದರೆ ಎರಡೇ ದನಿ. ಹಿರಿಯರು ಇಸ್ಪೀಟು ಮುಟ್ಟಿದರೇ ಪಾಪ ಅನ್ನುತ್ತಾರೆ, ಹುಡುಗರು ಒಳಗೊಳಗೇ ನಗುತ್ತಾರೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ, 2413ನೇ ಕಂಡಿಕೆ, ಇಬ್ಬರೂ ಓದಬೇಕು. ಪಂದ್ಯದ ಆಟ ತನ್ನಷ್ಟಕ್ಕೆ ತಾನೇ ಅನ್ಯಾಯ ಅಂತ ಅದು ಹೇಳುವುದಿಲ್ಲ. ತನಗೂ ತನ್ನವರಿಗೂ ಬದುಕಲು ಬೇಕಾದದ್ದನ್ನು ಅದು ಕಿತ್ತುಕೊಂಡಾಗ ಒಪ್ಪಲಾಗದ್ದು ಅನ್ನುತ್ತದೆ, ಜೂಜಿನ ಚಟ ಮನುಷ್ಯನನ್ನು ಗುಲಾಮನಾಗಿಸುತ್ತದೆ ಅಂತಲೂ ಎಚ್ಚರಿಸುತ್ತದೆ. ನನ್ನ ಇಪ್ಪತ್ತು–ಮೂವತ್ತು ಪಾಲಿನ ಲೆಕ್ಕವೂ ಈ ಕಂಡಿಕೆಯೂ ಬೇರೆ ಬೇರೆ ದಾರಿಯಲ್ಲಿ ಒಂದೇ ಕಡೆ ಬಂದು ನಿಲ್ಲುತ್ತವೆ. ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಹತ್ತು ಸಾವಿರ ಸೈನಿಕರಿರುವ ಒಬ್ಬ ರಾಜ ಬರುತ್ತಾನೆ. ಎದುರಿಗೆ ಇಪ್ಪತ್ತು ಸಾವಿರ ಬರುತ್ತಿದೆ. ಅವನು ಮೊದಲು ಕೂತು ಆಲೋಚಿಸುತ್ತಾನೆ, ಆಗುವುದಿಲ್ಲ ಅನಿಸಿದರೆ ದೂರದಲ್ಲಿರುವಾಗಲೇ ಸಂಧಾನಕ್ಕೆ ಜನ ಕಳಿಸುತ್ತಾನೆ. ಯೇಸು ಆ ರಾಜನನ್ನು ಹೇಡಿ ಅನ್ನಲಿಲ್ಲ. ಯುವಕೂಟದಲ್ಲಿ ಒಬ್ಬ ಕಿಲಾಡಿ ಇದನ್ನು ಕೇಳಿ, "ಹಂಗಾದ್ರ ಬಡ ವಿಧವೆ ಎರಡು ಕಾಸು ಹಾಕಿದ್ದು ಆಲ್-ಇನ್ ಅಲ್ಲೇನು ಬ್ರದರ್?" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆಕೆ ಹಾಕಿದ್ದು ತನ್ನದು. ಇನ್ನೊಬ್ಬರು ಬಿಸಿಲಲ್ಲಿ ನಿಂತು ದುಡಿದದ್ದಲ್ಲ.

ತಂದೆತಾಯಂದಿರಿಗೂ ಒಂದು ಮಾತಿದೆ, ಬೇಜಾರು ಮಾಡಿಕೊಳ್ಳಬೇಡಿ. ಮಗ ಇನ್ನೂರು ರೂಪಾಯಿ ಕಳೆದುಕೊಂಡ ದಿನ ಮನೆಯಲ್ಲಿ ಹೇಳಬಹುದು ಅನ್ನುವ ಧೈರ್ಯ ಇದ್ದಿದ್ದರೆ ಅದು ಹನ್ನೊಂದು ಸಾವಿರ ಆಗುತ್ತಿರಲಿಲ್ಲ. ಹೊಡೆತಕ್ಕೆ ಹೆದರಿಯೇ ಎಷ್ಟೋ ಹುಡುಗರು ರಾತ್ರೋರಾತ್ರಿ ಗೆದ್ದು ತರಲು ಹೊರಡುತ್ತಾರೆ, ಅಲ್ಲಿಂದ ಲೋನ್ ಆಪ್, ಅಲ್ಲಿಂದ ಮುಂದೆ ಏನೇನೋ. ಮನಸ್ಸು ತೀರಾ ಕುಸಿದವರಿಗೆ ಸರ್ಕಾರದ ಟೆಲಿ ಮಾನಸ್ ನಂಬರು 14416 ಇದೆ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು. ಫೋನಿನಲ್ಲಿ ದುಡ್ಡಿನ ಮೋಸ ಆಗಿದ್ದರೆ 1930.

ಹುಡುಗ ಕ್ಲಬ್ಬಿನಿಂದ ಹೊರಬಂದಿದ್ದಾನೆ, ನನ್ನ ಎದುರಿಗೇ ಗುಂಪು ಬಿಟ್ಟ. ಕಳೆದ ವರ್ಷದ ಫೀಸನ್ನು ದಂಡ ಸಮೇತ ಕಟ್ಟಲು ಭಾನುವಾರಗಳಲ್ಲಿ ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ನೂಲು ಕತ್ತರಿಸುವ ಕೆಲಸ ಮಾಡಿದ್ದ, ಅದಕ್ಕೇ ಅಷ್ಟು ತಿಂಗಳು ಪೂಜೆಗೆ ಬಂದಿರಲಿಲ್ಲ. ನಾವು ಅವನಿಗೆ ಗೈರುಹಾಜರಿ ಬಗ್ಗೆ ವಾಟ್ಸ್ಆ್ಯಪ್‌ನಲ್ಲಿ ಚುಚ್ಚಿದ್ದು ನೆನಪಾಗಿ ನಾಚಿಕೆಯಾಯಿತು. ಅವ್ವನಿಗೆ ಹೇಳಿದ ಮೇಲೆ ಬರೆಯಣ್ಣ ಅಂದಿದ್ದ. ಹೇಳಿದ. ಅವಳು ಬೈಯಲಿಲ್ಲವಂತೆ, ಅದು ಎಷ್ಟು ದಿನದ ಕಾಯಿ ಅಂತ ಮಾತ್ರ ಕೇಳಿದಳಂತೆ. ಇಬ್ಬರೂ ಕೂತು ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಒಂದು ತಿಂಗಳು ಆಯಿತು.

ಬರುವ ಭಾನುವಾರ ಪೂಜೆ ಮುಗಿದ ಮೇಲೆ ಯುವಕೂಟ ಹಿಂದಿನ ಹಾಲ್‌ನಲ್ಲಿ ಸೇರುತ್ತದೆ. ಫಾದರ್ ಒಪ್ಪಿದ್ದಾರೆ, ಇಬ್ಬರು ಪೋಷಕರು ಬೇಡ ಅಂದರು, ಅವರೂ ಬಂದು ಕೂರಲಿ ಅಂತ ಕೇಳಿಕೊಂಡಿದ್ದೇನೆ. ದುಡ್ಡಿಲ್ಲ, ಹುಣಸೆ ಬೀಜ ಇಟ್ಟು ಆಡುತ್ತೇವೆ, ಪ್ರತಿಯೊಬ್ಬರಿಗೂ ಇಪ್ಪತ್ತು ಬೀಜ. ಪ್ರತಿ ಸಲ ಎಲ್ಲವನ್ನೂ ತಳ್ಳಿದವರ ಹತ್ತಿರ ಐದು ಆಟದ ಮೇಲೆ ಎಷ್ಟು ಉಳಿಯುತ್ತದೆ ಅಂತ ಹಲಗೆಯ ಮೇಲೆ ಬರೆಯುತ್ತಾ ಹೋಗೋಣ. ಇಸ್ಪೀಟು ನಾನೇ ತರುತ್ತೇನೆ, ಬೀಜ ಯಾರ ಮನೆಯಲ್ಲಾದರೂ ಇದ್ದರೆ ತನ್ನಿ. ಮೊದಲೇ ಏನಾದರೂ ಹೇಳಿಕೊಳ್ಳುವುದಿದ್ದವರು ಅರ್ಧ ಗಂಟೆ ಮುಂಚೆ ಬನ್ನಿ, ಕುರ್ಚಿ ಹಾಕುತ್ತಾ ಅಲ್ಲೇ ಇರುತ್ತೇನೆ.